ಹಳೇ ಬಸ್ಸಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಹೊಸ ಲಾರಿ ಎಂಜಿನ್‌ಗೆ ಹೊಂದುತ್ತದೆಯೇ?

"ಗುಜರಿಯಿಂದ ಹಳೇ ಬಸ್ಸಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತನ್ನಿ. ಲೇತ್‌ನಲ್ಲಿ ಒಂದು ಅಡಾಪ್ಟರ್ ಪ್ಲೇಟ್ ಮಾಡಿಸಿ. ಹೊಸ ಲಾರಿ ಎಂಜಿನ್‌ಗೆ ಬೋಲ್ಟ್ ಹಾಕಿ ಬಿಗಿಯಿರಿ. ಇನ್ಮೇಲೆ ಕ್ಲಚ್ ಒತ್ತೋ ಕಷ್ಟವೇ ಇಲ್ಲ! ಎಲ್ಲ ಡ್ರೈವರ್ ಅಣ್ಣಂದಿರಿಗೂ ಶೇರ್ ಮಾಡಿ."

ಈ ಅರ್ಥದ ಒಂದು ವಿಡಿಯೊವನ್ನು ಮಲ್ಲೇಶ್ವರಂನ ಓದುಗರೊಬ್ಬರು ನಮಗೆ ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಅವರ ಸೋದರಮಾವನಿಗೆ ಸ್ವಂತದ್ದೊಂದು ಲಾರಿ ಇದೆ. ಯಶವಂತಪುರದ ದೇವರಾಜ ಅರಸು ಟ್ರಕ್ ಟರ್ಮಿನಲ್ ಕಡೆಯಿಂದ ಸರಕು ತುಂಬಿಕೊಂಡು ಊರೊಳಗೂ ಓಡಿಸುತ್ತಾರೆ, ಆಗಾಗ ಮಂಗಳೂರಿಗೂ ಹೋಗಿಬರುತ್ತಾರೆ. ಮಾರ್ಗೋಸಾ ರಸ್ತೆಯಂಥ ಕಡೆ ಸಂಜೆ ಹೊತ್ತು ಸಿಕ್ಕಿಕೊಂಡರೆ ಕ್ಲಚ್ ಒತ್ತಿ ಒತ್ತಿ ಎಡಗಾಲಿನ ಮಂಡಿ ಹಿಡಿದುಕೊಳ್ಳುತ್ತದಂತೆ. ವಿಡಿಯೊ ನೋಡಿದ ಮೇಲೆ ಗುಜರಿಯಲ್ಲಿ ಗೇರ್‌ಬಾಕ್ಸ್ ವಿಚಾರಿಸಲು ಶುರುಮಾಡಿದ್ದಾರೆ.

ಮಂಡಿನೋವು ನಿಜ, ಆಸೆಯೂ ತಪ್ಪಲ್ಲ. ಆದರೆ ವಿಡಿಯೊ ಹೇಳುವುದು ಅರ್ಧ ಸತ್ಯ ಮಾತ್ರ. ಉಳಿದ ಅರ್ಧ ಗೊತ್ತಿಲ್ಲದೆ ಕೈಹಾಕಿದರೆ ದುಡ್ಡು ಹೋಗುತ್ತದೆ, ಘಾಟಿಯಲ್ಲಿ ಪ್ರಾಣಕ್ಕೂ ಅಪಾಯ. ಒಂದೊಂದಾಗಿ ನೋಡೋಣ.

ವಿಡಿಯೊ ನಿಜದಂತೆ ಕಾಣುವುದು ಯಾಕೆ?

ಬೋಲ್ಟ್ ಕೂರುವುದು ಸುಳ್ಳಲ್ಲ. ಎಂಜಿನ್ನಿನ ಹಿಂಬದಿಗೂ ಗೇರ್‌ಬಾಕ್ಸಿನ ಮುಂಬದಿಗೂ ನಡುವೆ ಗಂಟೆಯಾಕಾರದ ಕವಚ ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಬೆಲ್ ಹೌಸಿಂಗ್ ಎನ್ನುತ್ತಾರೆ. ಲಾರಿ, ಬಸ್ಸುಗಳ ಡೀಸೆಲ್ ಎಂಜಿನ್‌ಗಳಲ್ಲಿ ಈ ಕವಚಕ್ಕೆ 1, 2, 3 ಎಂದು ನಂಬರ್ ಕೊಟ್ಟ ಅಂತಾರಾಷ್ಟ್ರೀಯ ಅಳತೆಗಳಿವೆ. ಹಾಗಾಗಿ ಬೇರೆ ಬೇರೆ ಕಂಪನಿಯ ಎಂಜಿನ್, ಗೇರ್‌ಬಾಕ್ಸ್‌ಗಳ ರಂಧ್ರಗಳು ಕೆಲವೊಮ್ಮೆ ನೇರವಾಗಿ ಹೊಂದಿಬಿಡುತ್ತವೆ. ಹೊಂದದಿದ್ದರೆ ನಡುವೆ ಪ್ಲೇಟ್ ಹಾಕಬಹುದು. ಒಳ್ಳೆಯ ಲೇತ್ ಕೆಲಸದವರಿಗೆ ಅದು ಆಗದ ಕೆಲಸವೇನಲ್ಲ.

ಅಲ್ಲಿಯೂ ಒಂದು ಸೂಕ್ಷ್ಮವಿದೆ. ಎಂಜಿನ್ನಿನ ಕ್ರ್ಯಾಂಕ್‌ನ ನಡುಬಿಂದುವೂ ಗೇರ್‌ಬಾಕ್ಸಿನ ನಡುಬಿಂದುವೂ ಒಂದೇ ರೇಖೆಯಲ್ಲಿರಬೇಕು. ಒಂದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಆಚೀಚೆಯಾದರೂ ಗೇರ್‌ಬಾಕ್ಸಿನೊಳಗಿನ ಆಯಿಲ್ ಪಂಪಿನ ಬುಷ್ ಮತ್ತು ಸೀಲ್ ಬೇಗ ಸವೆಯುತ್ತವೆ. ವಿಡಿಯೊದಲ್ಲಿ ಗಾಡಿ ಹತ್ತು ಅಡಿ ಮುಂದೆ ಹೋಗಿದ್ದು ಕಾಣುತ್ತದೆ. ಹತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ಏನಾಯಿತು ಎಂದು ಯಾರೂ ತೋರಿಸುವುದಿಲ್ಲ.

ಬೋಲ್ಟ್ ಕೂರುವುದು ಬರೀ ಆರಂಭ. ಎಂಜಿನ್ ಮತ್ತು ಗೇರ್‌ಬಾಕ್ಸ್ ಹೊಂದಬೇಕಾದರೆ ಮೂರು ವಿಷಯ ಕೂಡಿಬರಬೇಕು: ಬಲ, ವೇಗ, ಮಾತು.

ಮೊದಲು, ಆಟೊಮ್ಯಾಟಿಕ್ ಕೆಲಸ ಮಾಡುವುದು ಹೇಗೆ?

ಮ್ಯಾನ್ಯುವಲ್ ಗಾಡಿಯಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಹಳೆಯ ಕಾಲದಿಂದ ಬಂದ ಆಟೊಮ್ಯಾಟಿಕ್‌ನಲ್ಲಿ ಆ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಎಂಬ ಆಯಿಲ್ ತುಂಬಿದ ಉರುಟು ಡಬ್ಬಿ ಇರುತ್ತದೆ. ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟ್ ಕೊಟ್ಟರೆ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ ಅಲ್ಲವೇ? ಇಲ್ಲಿ ಗಾಳಿಯ ಬದಲು ಆಯಿಲ್. ಎಂಜಿನ್ ಕಡೆಯ ರೆಕ್ಕೆಗಳು ಆಯಿಲನ್ನು ಎಸೆಯುತ್ತವೆ, ಗೇರ್‌ಬಾಕ್ಸ್ ಕಡೆಯ ರೆಕ್ಕೆಗಳು ಅದರ ಹೊಡೆತಕ್ಕೆ ತಿರುಗುತ್ತವೆ. ನಡುವಿನ ಮೂರನೇ ಚಕ್ರ ಆಯಿಲನ್ನು ಮತ್ತೆ ಸರಿಯಾದ ದಿಕ್ಕಿಗೆ ತಿರುಗಿಸಿ, ಗಾಡಿ ನಿಂತಲ್ಲಿಂದ ಹೊರಡುವಾಗ ತಿರುಚುಬಲವನ್ನು ಹೆಚ್ಚಿಸುತ್ತದೆ. ಹಿಂದಿನ ವಿಚಾರ ಹೊಸದೇನಲ್ಲ. ಜರ್ಮನಿಯ ಎಂಜಿನಿಯರ್ ಹರ್ಮನ್ ಫೊಟ್ಟಿಂಗರ್ 1905ರಲ್ಲೇ ಹಡಗುಗಳಿಗಾಗಿ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಬೆಂಗಳೂರಿಗರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. 2006ರ ಹೊತ್ತಿಗೆ ಬಿಎಂಟಿಸಿ ರಸ್ತೆಗಿಳಿಸಿದ ವೊಲ್ವೊ ಬಸ್ಸುಗಳಲ್ಲಿ ಚಾಲಕರಿಗೆ ಕ್ಲಚ್ ಪೆಡಲ್ ಇರಲಿಲ್ಲ. ಅಂಥ ಬಸ್ಸು ಸಿಗ್ನಲ್‌ನಿಂದ ಜಗ್ಗದೆ, ಕುಲುಕದೆ ಹೊರಡುವುದನ್ನು ನೋಡಿದವರಿಗೆ "ನಮ್ಮ ಲಾರಿಗೂ ಇದು ಬರಬಾರದೇಕೆ?" ಅನ್ನಿಸುವುದು ಸಹಜ.

ಬಲ: ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ

ಹೊಸ ಡೀಸೆಲ್ ಎಂಜಿನ್‌ಗಳಲ್ಲಿ ಟರ್ಬೊ ಮತ್ತು ಕಾಮನ್ ರೈಲ್ ಇರುವುದರಿಂದ ಕಡಿಮೆ ಆರ್‌ಪಿಎಂನಲ್ಲೇ ಹೆಚ್ಚು ಟಾರ್ಕ್ ಸಿಗುತ್ತದೆ. ಎಂಜಿನ್ 400 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ ಎಂದುಕೊಳ್ಳಿ. ಹೊರಡುವ ಕ್ಷಣದಲ್ಲಿ ಕನ್ವರ್ಟರ್ ಅದನ್ನು ಎರಡುಪಟ್ಟು ಮಾಡಿದರೆ, ಗೇರ್‌ಬಾಕ್ಸಿನ ಶಾಫ್ಟ್ ಮತ್ತು ಒಳಗಿನ ಕ್ಲಚ್ ಪ್ಲೇಟುಗಳು 800 ನ್ಯೂಟನ್ ಮೀಟರ್ ತಡೆದುಕೊಳ್ಳಬೇಕು. "ನನ್ನ ಎಂಜಿನ್ 400, ಗೇರ್‌ಬಾಕ್ಸ್ 450 ತಾಳುತ್ತದೆ, ಸಾಕು" ಎಂಬ ಲೆಕ್ಕ ಹಾಕುವ ಮೊದಲು ಆ 450 ಯಾವ ಜಾಗದ ಅಳತೆ ಎಂದು ಕೇಳಬೇಕು. ಅದು ಕನ್ವರ್ಟರ್‌ಗೆ ಮುಂಚಿನದೋ ನಂತರದ್ದೋ ಎಂಬುದರ ಮೇಲೆ ಇಡೀ ಲೆಕ್ಕ ನಿಂತಿದೆ.

"ಹಾಗಾದರೆ ದೊಡ್ಡ ಬಸ್ಸಿನದ್ದೇ ಹಾಕೋಣ, ಅದು ಎಷ್ಟು ಬೇಕಾದರೂ ತಾಳುತ್ತದೆ" ಎನ್ನುವವರಿದ್ದಾರೆ. ವಿಡಿಯೊ ಎಡವುವುದೂ ಇಲ್ಲೇ. ಕನ್ವರ್ಟರ್ ಎಂಜಿನ್‌ನಿಂದ ಎಷ್ಟು ಟಾರ್ಕ್ ಎಳೆದುಕೊಳ್ಳುತ್ತದೆ ಎಂಬುದು ಅದರ ವೇಗದ ವರ್ಗಕ್ಕೂ ವ್ಯಾಸದ ಐದನೇ ಘಾತಕ್ಕೂ ತಕ್ಕಂತೆ ಏರುತ್ತದೆ. ಅಂದರೆ ವ್ಯಾಸ ಶೇ 10ರಷ್ಟು ಹೆಚ್ಚಾದರೆ ಎಳೆತ ಸುಮಾರು ಶೇ 60ರಷ್ಟು ಹೆಚ್ಚುತ್ತದೆ. ದೊಡ್ಡ ಬಸ್ಸಿನ ಕನ್ವರ್ಟರನ್ನು ಸಣ್ಣ ಲಾರಿ ಎಂಜಿನ್‌ಗೆ ಕಟ್ಟಿದರೆ, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಹೊರಡುವಾಗ ಎಂಜಿನ್ ಮೇಲಕ್ಕೆ ಏಳುವುದೇ ಇಲ್ಲ. ಟರ್ಬೊ ಉಸಿರು ಹಿಡಿಯುವಷ್ಟು ಆರ್‌ಪಿಎಂ ಬರುವ ಮೊದಲೇ ಆ ಭಾರದಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆಗರುವಿನ ಹೆಗಲಿಗೆ ಜೋಡೆತ್ತಿನ ನೊಗ ಕಟ್ಟಿದ ಹಾಗೆ. ಕನ್ವರ್ಟರ್ ತೀರಾ ಸಣ್ಣದಾದರೆ ಇದರ ಉಲ್ಟಾ: ಎಂಜಿನ್ ಅಬ್ಬರಿಸುತ್ತದೆ, ಗಾಡಿ ತೆವಳುತ್ತದೆ, ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ.

ಆ ಬಿಸಿ ಎಷ್ಟು? ಎಂಜಿನ್ 100 ಕಿಲೋವ್ಯಾಟ್ ಕೊಡುತ್ತಿದ್ದು, ಕನ್ವರ್ಟರ್‌ನಲ್ಲಿ ಶೇ 20ರಷ್ಟು ಜಾರಿಹೋಯಿತು ಎಂದುಕೊಳ್ಳಿ. ಆಗ 20 ಕಿಲೋವ್ಯಾಟ್ ಶಾಖ ಆಯಿಲ್‌ಗೆ ಸೇರುತ್ತದೆ. ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರ್‌ಗಳು ಹತ್ತು ಒಟ್ಟಿಗೆ ಉರಿದಂತೆ! ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಪ್ರತ್ಯೇಕ ಆಯಿಲ್ ಕೂಲರ್ ಬೇಕಾಗುವುದು ಇದಕ್ಕೇ. ಆಯಿಲ್ ಸುಟ್ಟು ಕಪ್ಪಾಗಿ ಕಮಟು ವಾಸನೆ ಬಂತೆಂದರೆ ಒಳಗಿನ ಪ್ಲೇಟುಗಳು ಹೋಗುತ್ತಿವೆ ಎಂದೇ ಅರ್ಥ.

ವೇಗ: ಗೇರ್ ಬದಲಾಗುವ ಹೊತ್ತು

ಇದಕ್ಕೆ ಒಂದು ಒಳ್ಳೆಯ ನಿಜ ಉದಾಹರಣೆ ಅಮೆರಿಕದಲ್ಲಿದೆ, ಅದರ ನೆಂಟಸ್ತನ ನಮ್ಮ ತುಮಕೂರು ರಸ್ತೆಗೂ ಇದೆ.

1989ರಲ್ಲಿ ಡಾಡ್ಜ್ ಕಂಪನಿ ತನ್ನ ಪಿಕಪ್ ಟ್ರಕ್‌ಗೆ ಕಮಿನ್ಸ್ ಕಂಪನಿಯ 5.9 ಲೀಟರ್, ಆರು ಸಿಲಿಂಡರ್ ಟರ್ಬೊ ಡೀಸೆಲ್ ಎಂಜಿನ್ ಕೂರಿಸಿತು. ಅದರ ಶಕ್ತಿ 160 ಅಶ್ವಶಕ್ತಿ, ಟಾರ್ಕ್ ಸುಮಾರು 540 ನ್ಯೂಟನ್ ಮೀಟರ್. ಆಟೊಮ್ಯಾಟಿಕ್ ಬೇಕು ಎಂದವರಿಗೆ ಕೊಟ್ಟದ್ದು 1962ರಿಂದ ಬಳಕೆಯಲ್ಲಿದ್ದ 727 ಹೆಸರಿನ ಮೂರು ಗೇರಿನ ಪೆಟ್ಟಿಗೆ. ಅಂದರೆ ಹಳೆಯ ಗೇರ್‌ಬಾಕ್ಸ್‌ಗೆ ಹೊಸ ಎಂಜಿನ್, ಅದೂ ಕಾರ್ಖಾನೆಯವರೇ ಮಾಡಿದ ಜೋಡಿ. ಇದೇ ಎಂಜಿನ್ ವಂಶದವು ನಮ್ಮ ದೇಶದಲ್ಲಿ 1993ರಲ್ಲಿ ಹುಟ್ಟಿದ ಟಾಟಾ ಕಮಿನ್ಸ್ ಕಂಪನಿಯ ಜಮ್ಷೆಡ್‌ಪುರ ಕಾರ್ಖಾನೆಯಲ್ಲಿ ತಯಾರಾಗಿ ಟಾಟಾ ಲಾರಿಗಳಿಗೆ ಬಂದವು. ಇಲ್ಲಿ ಅವು ಓಡಿದ್ದು ಮ್ಯಾನ್ಯುವಲ್ ಗೇರ್‌ಬಾಕ್ಸಿನ ಜೊತೆ.

727 ಗಟ್ಟಿ ಪೆಟ್ಟಿಗೆ ಎಂದೇ ಹೆಸರಾಗಿತ್ತು. ದೊಡ್ಡ ದೊಡ್ಡ ಎಂಟು ಸಿಲಿಂಡರ್ ಪೆಟ್ರೋಲ್ ಎಂಜಿನ್‌ಗಳ ಹಿಂದೆ ಕೆಲಸ ಮಾಡಿತ್ತು. ಹೊಂದಿಕೆಯ ದೊಡ್ಡ ಸವಾಲು ಬಂದದ್ದು ವೇಗದಲ್ಲಿ. ಅಂಥ ಪೆಟ್ರೋಲ್ ಎಂಜಿನ್ ಶಕ್ತಿ ತೋರುವುದು 4,000 ಆರ್‌ಪಿಎಂ ಆಸುಪಾಸಿನಲ್ಲಿ. ಈ ಡೀಸೆಲ್ ತನ್ನ ಪೂರ್ತಿ ಶಕ್ತಿಯನ್ನು 2,500ರಲ್ಲೇ ಕೊಟ್ಟು ಮುಗಿಸುತ್ತದೆ. ಪೆಟ್ರೋಲ್ ಎಂಜಿನ್‌ಗೆ ಹೊಂದಿಸಿದ್ದ ಪೆಟ್ಟಿಗೆ "3,500 ಬರಲಿ, ಆಮೇಲೆ ಮೇಲಿನ ಗೇರ್ ಹಾಕುತ್ತೇನೆ" ಎಂದು ಕಾದು ಕೂತರೆ, ಡೀಸೆಲ್ ಆ ಸಂಖ್ಯೆಗೆ ಬರುವುದೇ ಇಲ್ಲ. ಹಾಗಾಗಿ ಗೇರ್ ಬದಲಾಗುವ ಹೊತ್ತನ್ನು ಡೀಸೆಲ್‌ಗೆ ತಕ್ಕಂತೆ ಕೆಳಕ್ಕೆ ಇಳಿಸಲೇಬೇಕು.

ಇನ್ನೊಂದು ತೊಡಕು ಮೇಲಿನ ಗೇರಿನದು. ನಮ್ಮದೇ ಒಂದು ಸರಳ ಲೆಕ್ಕ ಮಾಡೋಣ. ಲಾರಿಯ ಟೈರಿನ ಸುತ್ತಳತೆ 2.7 ಮೀಟರ್, ಡಿಫರೆನ್ಶಿಯಲ್ ಅನುಪಾತ 5, ಕೊನೆಯ ಗೇರ್ ನೇರ ಗೇರ್ ಎಂದುಕೊಳ್ಳಿ. ಎಂಜಿನ್ 2,500 ಸುತ್ತು ತಿರುಗಿದರೆ ಚಕ್ರ 500 ಸುತ್ತು ತಿರುಗುತ್ತದೆ. ಗಾಡಿ ನಿಮಿಷಕ್ಕೆ 1,350 ಮೀಟರ್, ಅಂದರೆ ಗಂಟೆಗೆ 81 ಕಿಲೋಮೀಟರ್ ಹೋಗುತ್ತದೆ. ಅದರಾಚೆ ಎಂಜಿನ್‌ಗೆ ಉಸಿರಿಲ್ಲ. ಹೆದ್ದಾರಿಯಲ್ಲಿ ಎಂಜಿನ್ ಸದಾ ತುದಿಗಾಲಲ್ಲಿ ನಿಂತಂತೆ ಓಡಬೇಕು, ಡೀಸೆಲ್ಲೂ ಕುಡಿಯುತ್ತದೆ. ಡಾಡ್ಜ್ 1991ರಲ್ಲಿ ಓವರ್‌ಡ್ರೈವ್ ಇರುವ ನಾಲ್ಕು ಗೇರಿನ ಪೆಟ್ಟಿಗೆಗೆ ಬದಲಾಯಿಸಿತು. ಎಂಜಿನ್ನೂ ಗೇರ್‌ಬಾಕ್ಸೂ ಕೈಯಲ್ಲಿದ್ದು, ಪರೀಕ್ಷೆಗೆ ಪ್ರಯೋಗಾಲಯವಿದ್ದ ಕಂಪನಿಗೇ ಇಷ್ಟು ತಿದ್ದುಪಡಿ ಬೇಕಾಯಿತು ಎಂಬುದು ನೆನಪಿರಲಿ.

ಮಾತು: ಎಂಜಿನ್ ಹೇಳಿದ್ದು ಗೇರ್‌ಬಾಕ್ಸ್‌ಗೆ ತಿಳಿಯಬೇಕು

ಮುಂದಿನ ಗೇರ್ ಯಾವಾಗ ಹಾಕಬೇಕು ಎಂದು ನಿರ್ಧರಿಸಲು ಆಟೊಮ್ಯಾಟಿಕ್ ಪೆಟ್ಟಿಗೆಗೆ ಎರಡು ಸುದ್ದಿ ಬೇಕು. ಗಾಡಿ ಎಷ್ಟು ವೇಗದಲ್ಲಿದೆ? ಚಾಲಕ ಆಕ್ಸಿಲರೇಟರ್ ಎಷ್ಟು ಒತ್ತಿದ್ದಾನೆ?

ತೀರಾ ಹಳೆಯ ಪೆಟ್ಟಿಗೆಗಳಲ್ಲಿ ಮೊದಲನೆಯದನ್ನು ಗವರ್ನರ್ ಎಂಬ ತಿರುಗುವ ತೂಕ ಆಯಿಲ್ ಒತ್ತಡದ ಮೂಲಕ ತಿಳಿಸುತ್ತಿತ್ತು. ಎರಡನೆಯದಕ್ಕೆ ಆಕ್ಸಿಲರೇಟರ್‌ನಿಂದ ಒಂದು ಕೇಬಲ್ ಅಥವಾ ಕಡ್ಡಿ ಬರುತ್ತಿತ್ತು. ಹೊಸ ಲಾರಿಯಲ್ಲಿ ಆಕ್ಸಿಲರೇಟರ್‌ಗೆ ಕೇಬಲ್ಲೇ ಇಲ್ಲ. ಪೆಡಲ್ ಕೆಳಗಿರುವುದು ಸೆನ್ಸರ್. ಹಳೇ ಪೆಟ್ಟಿಗೆಯ ಕೇಬಲನ್ನು ಎಲ್ಲಿಗೆ ಕಟ್ಟುತ್ತೀರಿ? ಅದನ್ನು ಕಟ್ಟದೆ ಬಿಟ್ಟರೆ ಎಷ್ಟೋ ಪೆಟ್ಟಿಗೆಗಳಲ್ಲಿ ಒಳಗಿನ ಆಯಿಲ್ ಒತ್ತಡವೇ ಕಡಿಮೆಯಾಗಿ, ಭಾರ ಬಿದ್ದಾಗ ಪ್ಲೇಟುಗಳು ಜಾರಿ ಸುಟ್ಟುಹೋಗುತ್ತವೆ.

ನಂತರದ ಬಸ್ಸುಗಳ ಪೆಟ್ಟಿಗೆಗಳಲ್ಲಿ ಈ ಕೆಲಸ ಎಲೆಕ್ಟ್ರಾನಿಕ್ ನಿಯಂತ್ರಣಕ್ಕೆ ಬಂತು. ಎಂಜಿನ್ನಿನ ಕಂಪ್ಯೂಟರ್ ಮತ್ತು ಗೇರ್‌ಬಾಕ್ಸಿನ ಕಂಪ್ಯೂಟರ್ ಎರಡು ತಂತಿಗಳ ಮೇಲೆ ಸದಾ ಮಾತಾಡಿಕೊಂಡಿರುತ್ತವೆ. "ಈಗ ಗೇರ್ ಬದಲಿಸುತ್ತೇನೆ, ಅರೆಕ್ಷಣ ಟಾರ್ಕ್ ಇಳಿಸು" ಎಂದು ಪೆಟ್ಟಿಗೆ ಕೇಳುತ್ತದೆ, ಎಂಜಿನ್ ಇಳಿಸುತ್ತದೆ. ಬಸ್ಸು ಕುಲುಕದೆ ಓಡುವುದರ ಗುಟ್ಟು ಇದು. ಗುಜರಿಯಿಂದ ಪೆಟ್ಟಿಗೆಯೊಂದನ್ನೇ ಹೊತ್ತು ತಂದರೆ ಅದರ ಕಂಪ್ಯೂಟರ್, ವೈರಿಂಗ್, ಹಳೇ ಎಂಜಿನ್ ಜೊತೆ ಆಡುತ್ತಿದ್ದ ಮಾತು, ಯಾವುದೂ ಬರುವುದಿಲ್ಲ.

ಎಂಜಿನ್ ಕಡೆಯೂ ಸುಮ್ಮನಿರುವುದಿಲ್ಲ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್ 6 ನಿಯಮ ಜಾರಿಯಲ್ಲಿದೆ. ಅದರ ಡೀಸೆಲ್ ಎಂಜಿನ್‌ಗಳು ಹೊಗೆಯ ಮಸಿಯನ್ನು ಫಿಲ್ಟರಿನಲ್ಲಿ ಹಿಡಿದು, ಹೊಗೆ ಸಾಕಷ್ಟು ಬಿಸಿಯಾದಾಗ ಸುಟ್ಟು ಶುಚಿಮಾಡಿಕೊಳ್ಳುತ್ತವೆ. ಈ ಕೆಲಸಕ್ಕೆ ಎಂಜಿನ್ನಿನ ವೇಗ, ಭಾರ ಎಷ್ಟಿರುತ್ತದೆ ಎಂದು ತಯಾರಕರು ಮೂಲ ಗೇರ್‌ಬಾಕ್ಸನ್ನು ಲೆಕ್ಕಕ್ಕೆ ಹಿಡಿದೇ ಹೊಂದಿಸಿರುತ್ತಾರೆ. ಆ ಲೆಕ್ಕ ತಪ್ಪಿದರೆ ಫಿಲ್ಟರ್ ಕಟ್ಟಿಕೊಳ್ಳಬಹುದು. ನಿರೀಕ್ಷಿಸಿದ ಸಿಗ್ನಲ್ ಬರದಿದ್ದರೆ ಎಂಜಿನ್ ತಾನಾಗಿಯೇ ಶಕ್ತಿ ತಗ್ಗಿಸಿಕೊಂಡು ಕುಂಟುತ್ತಾ ಓಡಲೂಬಹುದು.

ಶಿರಾಡಿ ಘಾಟಿಯಲ್ಲಿ ಏನಾಗುತ್ತದೆ?

ಇಲ್ಲಿಯವರೆಗೆ ಹೇಳಿದ್ದು ದುಡ್ಡಿನ ಮಾತು. ಇನ್ನು ಪ್ರಾಣದ ಮಾತು. ನಮ್ಮ ಓದುಗರ ಮಾವ ಸಕಲೇಶಪುರ ದಾಟಿ ಶಿರಾಡಿ ಇಳಿಯುವವರು. ತುಂಬಿದ ಲಾರಿಯನ್ನು ಇಳಿಜಾರಿನಲ್ಲಿ ಬರೀ ಬ್ರೇಕಿನಿಂದ ಹಿಡಿಯಲು ಹೋದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಅದಕ್ಕೇ ಅನುಭವಸ್ಥ ಚಾಲಕರು ಕೆಳಗಿನ ಗೇರ್ ಹಾಕಿ ಎಂಜಿನ್ನಿಂದಲೇ ಗಾಡಿಯನ್ನು ತಡೆಹಿಡಿಯುತ್ತಾರೆ.

ಮ್ಯಾನ್ಯುವಲ್‌ನಲ್ಲಿ ಚಕ್ರ ಮತ್ತು ಎಂಜಿನ್ ನಡುವೆ ಗಟ್ಟಿ ಹಿಡಿತವಿದೆ. ಆಟೊಮ್ಯಾಟಿಕ್‌ನಲ್ಲಿ ನಡುವೆ ಇರುವುದು ಆಯಿಲ್. ಕನ್ವರ್ಟರನ್ನು ಬೀಗ ಹಾಕಿದಂತೆ ಕಚ್ಚಿಸುವ ಲಾಕಪ್ ಕ್ಲಚ್ ಇಲ್ಲದಿದ್ದರೆ ಎಂಜಿನ್ನಿನ ತಡೆ ಗಣನೀಯವಾಗಿ ಕಡಿಮೆಯಾಗುತ್ತದೆ. ಬಸ್ಸಿನ ಪೆಟ್ಟಿಗೆಗಳಲ್ಲಿ ಲಾಕಪ್ಪೂ, ಎಷ್ಟೋ ಸಲ ರಿಟಾರ್ಡರ್ ಎಂಬ ಪ್ರತ್ಯೇಕ ತಡೆಯೂ ಇರುತ್ತದೆ ನಿಜ. ಆದರೆ ಅವೆರಡೂ ಕೆಲಸ ಮಾಡಲು ಮೇಲೆ ಹೇಳಿದ "ಮಾತು" ಸರಿಯಿರಬೇಕು, ಕೂಲರ್ ಸರಿಯಿರಬೇಕು. ಗ್ಯಾರೇಜಿನ ಮುಂದಿನ ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿ ಓಡಿದ ಜೋಡಿ ಘಾಟಿಯ ನಡುವೆ ಕೈಕೊಟ್ಟರೆ ಅಲ್ಲಿ ಮೆಕ್ಯಾನಿಕ್ ಇರುವುದಿಲ್ಲ.

ಇದೇ ಜಾತಿಯ ಇನ್ನೆರಡು ಫಾರ್ವರ್ಡ್‌ಗಳು

"ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ": ಹೊಸ ಎಂಜಿನ್‌ಗಳಿಗೆ ಇದು ತಪ್ಪು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಕಂಪ್ಯೂಟರ್ ಇಂಧನವನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಇಂಧನ ಕೊಡುತ್ತಲೇ ಇರಬೇಕು. ಮೇಲಾಗಿ ಎಂಜಿನ್ನಿನ ತಡೆ ಪೂರ್ತಿ ಹೋಗುತ್ತದೆ.

"ಆಟೊಮ್ಯಾಟಿಕ್ ಗಾಡಿಯನ್ನೂ ತಳ್ಳಿ ಸ್ಟಾರ್ಟ್ ಮಾಡಬಹುದು": ಬಹುತೇಕ ಪೆಟ್ಟಿಗೆಗಳಲ್ಲಿ ಸಾಧ್ಯವಿಲ್ಲ. ಅವುಗಳ ಆಯಿಲ್ ಪಂಪು ತಿರುಗುವುದು ಎಂಜಿನ್ನಿಂದ. ಎಂಜಿನ್ ನಿಂತಿದ್ದರೆ ಒಳಗೆ ಒತ್ತಡವೂ ಇಲ್ಲ, ಆಯಿಲಿನ ಹರಿವೂ ಇಲ್ಲ. ಕೆಟ್ಟ ಗಾಡಿಯನ್ನು ಚಕ್ರ ಉರುಳಿಸುತ್ತಾ ದೂರ ಎಳೆದೊಯ್ದರೂ ಇದೇ ಕಾರಣಕ್ಕೆ ಗೇರ್‌ಬಾಕ್ಸ್ ಹಾಳಾಗಬಹುದು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಆರ್‌ಸಿಯಲ್ಲಿರುವ ವಿವರಗಳು ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕಾಯ್ದೆಯೇ ಒಪ್ಪಿರುವ ಕೆಲವು ಬದಲಾವಣೆಗಳು ಮಾತ್ರ ಇದಕ್ಕೆ ಹೊರತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದು ಎಂದು ಹೇಳಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ, ಅನುಮತಿ ಇಲ್ಲದ ಮಾರ್ಪಾಡು ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಹಾಗಾಗಿ ಆರ್‌ಟಿಒ ಕಚೇರಿಗೆ ಹೋಗಿ ಕೇಳಬೇಕಾದದ್ದು ಕೆಲಸ ಮುಗಿದ ಮೇಲಲ್ಲ, ಮೊದಲು. ವಿಮಾ ಕಂಪನಿಗೂ ತಿಳಿಸಬೇಕು. ತಿಳಿಸದ ಮಾರ್ಪಾಡು ಅಪಘಾತದ ದಿನ ಕ್ಲೇಮಿಗೆ ಅಡ್ಡ ಬರಬಹುದು.

ಹಾಗಾದರೆ ಆಗುವುದೇ ಇಲ್ಲವೇ?

ತಾಂತ್ರಿಕವಾಗಿ ಆಗುತ್ತದೆ. ಎಂಜಿನ್‌ಗೆ ತಕ್ಕ ಕನ್ವರ್ಟರ್, ಪ್ರತ್ಯೇಕ ಎಲೆಕ್ಟ್ರಾನಿಕ್ ನಿಯಂತ್ರಕ, ಸರಿಯಾದ ಕೂಲರ್, ಡಿಫರೆನ್ಶಿಯಲ್ ಅನುಪಾತ, ಪ್ರೊಪೆಲ್ಲರ್ ಶಾಫ್ಟಿನ ಉದ್ದ ಎಲ್ಲವನ್ನೂ ಹೊಂದಿಸಿ ಗೆದ್ದವರಿದ್ದಾರೆ. ಅದು ಪ್ಲೇಟ್ ಮತ್ತು ಬೋಲ್ಟಿನ ಖರ್ಚಿನಲ್ಲಿ ಆಗುವ ಕೆಲಸವಲ್ಲ. ಯಾರಾದರೂ "ನಾನು ಮಾಡಿಕೊಡುತ್ತೇನೆ" ಎಂದರೆ ಈ ಐದು ಪ್ರಶ್ನೆ ಕೇಳಿ:

1. ಈ ಪೆಟ್ಟಿಗೆ ಎಷ್ಟು ಟಾರ್ಕ್ ತಾಳುತ್ತದೆ, ಆ ಅಳತೆ ಕನ್ವರ್ಟರ್‌ಗೆ ಮುಂಚಿನದೋ ನಂತರದ್ದೋ?
2. ಕನ್ವರ್ಟರ್ ನನ್ನ ಎಂಜಿನ್ನಿನ ಆರ್‌ಪಿಎಂಗೆ ಹೊಂದಿದೆಯೇ?
3. ಆಕ್ಸಿಲರೇಟರ್ ಮತ್ತು ವೇಗದ ಸುದ್ದಿ ಪೆಟ್ಟಿಗೆಗೆ ಹೇಗೆ ತಲುಪುತ್ತದೆ?
4. ಲಾಕಪ್ ಕೆಲಸ ಮಾಡುತ್ತದೆಯೇ, ಕೂಲರ್ ಎಷ್ಟು ದೊಡ್ಡದು?
5. ಆರ್‌ಟಿಒ ಅನುಮತಿ ಎಲ್ಲಿ?

ಉತ್ತರದ ಬದಲು "ಅದೆಲ್ಲ ತಲೆ ಕೆಡಿಸ್ಕೋಬೇಡಿ ಸಾರ್" ಎಂದರೆ ನಮಸ್ಕಾರ ಹೇಳಿ ಹೊರಡುವುದು ಒಳ್ಳೆಯದು.

ಮಾವನ ಮಂಡಿಗೆ ಹತ್ತಿರದ ದಾರಿಗಳೂ ಇವೆ. ಲಾರಿಯ ಕ್ಲಚ್ ವಿಪರೀತ ಗಟ್ಟಿಯಾಗಿದ್ದರೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಕ್ಲಚ್ ಬೂಸ್ಟರ್ ಇವುಗಳಲ್ಲಿ ಯಾವುದೋ ಒಂದು ಸವೆದಿರಬಹುದು. ಅದನ್ನು ಮೊದಲು ತೋರಿಸಲಿ. ಸೀಟನ್ನು ಮುಂದೆ ಹಿಂದೆ ಸರಿಸಿ, ಪೆಡಲ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರುವಂತೆ ಕೂರಲಿ. ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿಕೊಂಡೇ ಕಾಯುವ ಬದಲು ನ್ಯೂಟ್ರಲ್ ಮಾಡಿ ಕಾಲು ತೆಗೆಯಲಿ. ನೋವು ಬಿಡದಿದ್ದರೆ ಡಾಕ್ಟರಿಗೆ ತೋರಿಸಲಿ. ಮುಂದೆ ಲಾರಿ ಬದಲಿಸುವ ಕಾಲ ಬಂದಾಗ, ಮ್ಯಾನ್ಯುವಲ್ ಗೇರ್‌ಬಾಕ್ಸಿನ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ಬದಲಿಸುವ ಎಎಂಟಿ ಲಾರಿಗಳನ್ನು ನೋಡಬಹುದು. ಅಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದಕ್ಕೊಂದು ಹೊಂದಿಕೊಂಡೇ ಕಾರ್ಖಾನೆಯಿಂದ ಬರುತ್ತವೆ.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾಡಿ: "ಬೋಲ್ಟ್ ಕೂತರೆ ಸಾಲದು. ಬಲ, ವೇಗ, ಮಾತು ಮೂರೂ ಹೊಂದಬೇಕು. ಹೊಂದದ ಜೋಡಿಯನ್ನು ಘಾಟಿಗೆ ಕೊಂಡೊಯ್ಯಬೇಡಿ." ನಿಮ್ಮ ಗುಂಪಿನಲ್ಲಿ ಲಾರಿ ಓಡಿಸುವ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಮೊದಲು ಕಳಿಸಿ.